ನೀಲಾವತಿಯ ಉಗುರುಗಳು

ಶೆಟ್ಟೆಪ್ಪ ಊಟದ ನಡುವೆ ಬಾಯಿಗೆ ಬೆರಳು ಹಾಕಿ ಏನನ್ನೋ ತೆಗೆದು ತಾಟಿನ ಅಂಚಿಗಿಟ್ಟ. ಶೇಂಗಾ ಸಿಪ್ಪೆಯಿರಬೇಕೆಂದು ಪಕ್ಕದಲ್ಲಿ ಕೂತಿದ್ದ ಸಂಗಪ್ಪ ಮೊದಲು ಅತ್ತ ನೋಡಲಿಲ್ಲ. ಆಮೇಲೆ ನೋಡಿದ. ಅದು ಉಗುರಿನ ಚೂರು. ತೆಳ್ಳಗೆ, ಬೆಳ್ಳಗೆ, ಅಂಚು ಚಿಂದಿಯಾದ ಚೂರು.

"ಯಾರ ಉಗುರಬೇ ಇದು?" ಎಂದು ಶೆಟ್ಟೆಪ್ಪ ಕೇಳಿದ. ದನಿ ಏರಿಸಲಿಲ್ಲ.

"ಹಿಟ್ಟಿನ ಗಿರಣ್ಯಾಗ ಬಿದ್ದಿರಬೇಕೊ ಯಪ್ಪಾ," ಎಂದಳು ರಾಚವ್ವ.

"ಗಿರಣ್ಯಾಗ ಬಿದ್ದಿದ್ರ ಹಿಟ್ಟಾಗಿ ಬರ್ತಿತ್ತು," ಎಂದ ಸಂಗಪ್ಪ. ಒಬ್ಬಿಬ್ಬರು ನಕ್ಕರು. ಶೆಟ್ಟೆಪ್ಪ ನಗಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದುಕೊಂಡ.

ಪರೇಲದ ಆ ಚಾಳಿನ ಎರಡನೆಯ ಮಾಳಿಗೆಯಲ್ಲಿ ರಾಚವ್ವನ ಖಾನಾವಳಿ ನಡೆಯುತ್ತಿದ್ದುದು ಒಂದೇ ಖೋಲಿಯಲ್ಲಿ. ಮುಂಭಾಗದಲ್ಲಿ ಹದಿನಾಲ್ಕು ಜನ ಎರಡು ಸಾಲಾಗಿ ಕೂತು ಉಣ್ಣುವರು. ಗೋಣಿತಟ್ಟಿನ ಪರದೆಯ ಹಿಂದೆ ಒಲೆ. ಉಣ್ಣುವವರೆಲ್ಲ ಬಿಜಾಪುರ, ಜಮಖಂಡಿ ಕಡೆಯ ಲಿಂಗಾಯತರು, ಬಹಳಷ್ಟು ಜನ ಮಿಲ್ಲಿನವರು. ಶೆಟ್ಟೆಪ್ಪ ಮಾತ್ರ ಬಟ್ಟೆ ಪೇಟೆಯ ಅಂಗಡಿಯಲ್ಲಿ ಗುಮಾಸ್ತ. ಇಂಗ್ಲಿಷ್ ಓದಬಲ್ಲವನಾದ್ದರಿಂದ ಉಳಿದವರೆಲ್ಲ ಅವನ ಮುಖ ನೋಡಿಯೇ ಮಾತಾಡುವರು. ಗಂಡ ಸತ್ತ ವರ್ಷ ರಾಚವ್ವ ಎರಡು ತಾಟಿನಿಂದ ಶುರು ಮಾಡಿದ ಖಾನಾವಳಿ ಅದು. ಮಗ ಮುರಿಗೆಪ್ಪ ಮಿಲ್ಲಿನಲ್ಲಿ ಬದಲಿ ಕೆಲಸಗಾರ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುವನು. ಯಾರಾದರೂ ಬಾರದಿದ್ದರೆ ಕೆಲಸ, ಎಲ್ಲರೂ ಬಂದರೆ ಮನೆ. ಹೀಗಾಗಿ ಮನೆ ನಿಂತಿದ್ದುದು ರೊಟ್ಟಿಯ ಮೇಲೆ. ರಾಚವ್ವನ ಮಣಿಕಟ್ಟು ಹಿಡಿದುಕೊಂಡ ಮೇಲೆ ಆರು ವರ್ಷದಿಂದ ಆ ರೊಟ್ಟಿ ಬಡಿಯುತ್ತಿದ್ದವಳು ಸೊಸೆ ನೀಲಾವತಿ.

ರಾಚವ್ವ ಪರದೆ ಸರಿಸಿ ಒಳಗೆ ಹೋದಳು. ನೀಲಾವತಿ ಪರಾತದ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ಹೊರಗಿನ ಮಾತು ಕೇಳಿಸಿತ್ತು. ಕೈ ಹಿಟ್ಟಿನೊಳಗೇ ಇತ್ತು.

"ಕೈ ತೋರಸು."

ನೀಲಾವತಿ ತೋರಿಸಲಿಲ್ಲ. ರಾಚವ್ವನೇ ಹಿಡಿದು ಎಳೆದು, ಸೆರಗಿನಿಂದ ಹಿಟ್ಟು ಒರಸಿದಳು. ಹತ್ತೂ ಬೆರಳಿನ ಉಗುರು ನಡುವೆ ತಗ್ಗು ಬಿದ್ದು ಅಂಚು ಮೇಲಕ್ಕೆದ್ದಿತ್ತು, ಸಣ್ಣ ಚಮಚದ ಹಾಗೆ. ಒಂದು ಹನಿ ನೀರು ಹಾಕಿದರೆ ನಿಲ್ಲುವಂತಿತ್ತು. ತುದಿ ಪದರು ಪದರಾಗಿ ಬಿಟ್ಟಿತ್ತು. ಬಣ್ಣ ಸುಣ್ಣದ ಬಣ್ಣ. ದಿನಕ್ಕೆ ಎಪ್ಪತ್ತು ಎಂಬತ್ತು ರೊಟ್ಟಿ ಈ ಕೈ ತನ್ನ ಕಣ್ಣೆದುರೇ ಬಡಿದಿದೆ. ರೊಟ್ಟಿ ನೋಡಿದ್ದಳೇ ಹೊರತು ಕೈ ನೋಡಿರಲಿಲ್ಲ.

"ಯಾವಾಗಿಂದ ಹಿಂಗ?"

"ಕೂಸು ಹೋದಾಗಿಂದ್ರಿ."

ಕೂಸು ಹೋಗಿ ಒಂದೂವರೆ ವರ್ಷ. ಹುಟ್ಟುತ್ತಲೇ ಸತ್ತಿತ್ತು. ಆಗ ರಕ್ತ ಬಹಳ ಹೋಗಿತ್ತು. ಹನ್ನೊಂದನೆಯ ದಿನ ನೀಲಾವತಿ ಮತ್ತೆ ರೊಟ್ಟಿಗೆ ಕೂತಿದ್ದಳು. ಕೂಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಮರುದಿನ ಊಟಕ್ಕೆ ಒಂಬತ್ತು ಜನ ಬಂದರು. ಅದರ ಮರುದಿನ ಆರು. ಕೆಳಗಿನ ನಲ್ಲಿಯ ಹತ್ತಿರ ಯಾರೋ ದೊಡ್ಡ ರೋಗ ಎಂದಿದ್ದರು. ಬೆರಳು ಉದುರುವ ಮೊದಲು ಉಗುರು ಉದುರುತ್ತವಂತೆ. ಶೆಟ್ಟೆಪ್ಪ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡದೆ ಮಾತಾಡಿದ.

"ರಾಚವ್ವ, ನಾ ಏನೂ ಅಂದಿಲ್ಲ ನೋಡು. ನಾಳೆ ಊರಿಗೆ ಹೊಂಟೀನಿ, ನಮ್ಮವ್ವಗ ಆರಾಮಿಲ್ಲ. ತಿಂಗಳಾದ್ರೂ ಆಗತೈತಿ. ಅಷ್ಟರಾಗ ದವಾಖಾನಿಗೆ ತೋರಿಸಿ ಒಂದು ಚೀಟಿ ಮಾಡಿಸ್ಕೊ. ರೋಗ ಅಲ್ಲಂತ ಡಾಕ್ಟರು ಬರದಕೊಟ್ರ ಮಂದಿ ಬಾಯಿ ಮುಚ್ಚತೈತಿ."

"ಅಲ್ಲೀತನಕ?"

"ಅಲ್ಲೀತನಕ ನೀನ ಬಡಿ."

ರಾಚವ್ವ ಬಡಿದಳು. ಹತ್ತನೆಯ ರೊಟ್ಟಿಗೆ ಮಣಿಕಟ್ಟು ಊದಿತು. ಇಪ್ಪತ್ತನೆಯದು ಹಂಚಿಗೆ ಹಾಕುವಾಗಲೇ ಹರಿಯಿತು. ಉಳಿದವರು ದಪ್ಪ ರೊಟ್ಟಿಯನ್ನು ಮುರಿದು ನೋಡಿ, ಬೆಳಕಿಗೆ ಹಿಡಿದು ನೋಡಿ, ತಿಂದರು. ನೀಲಾವತಿ ಪರದೆಯ ಹಿಂದೆ ಒಲೆ ಊದುತ್ತಾ ಕೂತಳು. ಹಿಟ್ಟಿಗೆ ಕೈ ಹಚ್ಚಬಾರದೆಂದು ಅತ್ತೆ ಹೇಳಿದ್ದಳು.

ಅಂದು ಸಂಜೆ ಮೊಮ್ಮಗಳು ಮೋಹಿನಿಗೆ ಏಟು ಬಿದ್ದವು. ಎಂಟು ವರ್ಷದ ಹುಡುಗಿ, ಮುನ್ಸಿಪಾಲಿಟಿಯ ಮರಾಠಿ ಶಾಲೆಗೆ ಹೋಗುವಳು. ಪಾಟಿಯ ಮೇಲೆ ಬರೆಯುವ ಅವಳ ಬಳಪ ಮತ್ತೆ ಕಳೆದಿತ್ತು. ಆ ತಿಂಗಳಲ್ಲಿ ಅದು ನಾಲ್ಕನೆಯ ಸಲ.

"ದಿನಾ ಒಂದು ಬಳಪ ಎಲ್ಲಿ ಹೊಕ್ಕಾವ? ತಿಂತೀಯೇನು?"

"ಮೀ ನಾಹೀ, ಆಜಿ. ನಾನು ಪಿಶವೀ ಒಳಗ ಠೇವಿದ್ದೆ," ಎಂದು ಹುಡುಗಿ ಚೀಲ ತೋರಿಸಿದಳು.

"ಕನ್ನಡದಾಗ ಬೊಗಳು."

ಹುಡುಗಿ ಅಳುತ್ತಾ ತಾಯಿಯ ಕಡೆ ನೋಡಿದಳು. ನೀಲಾವತಿ ಒಲೆಯ ಕಡೆ ನೋಡಿದಳು.

ಮುರಿಗೆಪ್ಪ ಒಂಬತ್ತಕ್ಕೆ ಬರಿಗೈಯಲ್ಲಿ ಬಂದ. ಗೇಟಿನಲ್ಲಿ ಕೆಲಸ ಸಿಕ್ಕಿರಲಿಲ್ಲ.

"ಅಕೀನ್ನ ಊರಿಗೆ ಕಳಿಸಿಬಿಡೂಣು," ಎಂದ. "ತವರಮನ್ಯಾಗ ಒಂದೆರಡು ತಿಂಗಳು ಇದ್ದು ಬರಲಿ."

"ತವರಮನ್ಯಾಗ ಯಾರದಾರ? ಅಣ್ಣನ ಹೆಂಡ್ತಿ. ಉಗುರು ನೋಡಿ ಆರತಿ ಎತ್ತತಾಳೇನು?"

"ಮತ್ತೇನ ಮಾಡೂದು? ಆರ ಮಂದೀಗೆ ಒಲಿ ಹಚ್ಚೂದು ಇದ್ದಿಲಕ್ಕ ಸಾಲೂದಿಲ್ಲ."

"ನೀ ಗೇಟಿನ್ಯಾಗ ನಿಂತು ಬರೂದು ಬೀಡಿಗೆ ಸಾಲತೈತೇನು?"

ಅವನು ತಾಟಿನ ಮುಂದೆ ಕೂತ. ತಾಯಿ ಬಡಿಸಿದಳು. ಹೆಂಡತಿಯ ಕಡೆ ಇಬ್ಬರೂ ನೋಡಲಿಲ್ಲ.

ಮರುದಿನ ರಾಚವ್ವ ಸೊಸೆಯನ್ನು ಕರೆದುಕೊಂಡು ಸರಕಾರಿ ದವಾಖಾನೆಗೆ ಹೋದಳು. ಅರ್ಧ ಮೈಲಿ ದಾರಿ. ನೀಲಾವತಿ ಮೂರು ಸಲ ಕಟ್ಟೆಯ ಮೇಲೆ ಕೂತಳು. ಸಾಲಿನಲ್ಲಿ ಎರಡು ತಾಸು ನಿಂತ ಮೇಲೆ ಮರಾಠಿ ಡಾಕ್ಟರಬಾಯಿಯೊಬ್ಬಳು ಕೈ ಹಿಡಿದು ನೋಡಿದಳು. ಸೂಜಿಯಿಂದ ಬೆರಳಿಗೆ ಚುಚ್ಚಿದಳು. ನೀಲಾವತಿ ಕೈ ಹಿಂದಕ್ಕೆಳೆದಳು. ಡಾಕ್ಟರಬಾಯಿ ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿದಳು. ಒಳಗೆ ಕೆಂಪೇ ಇರಲಿಲ್ಲ.

"ಕುಷ್ಠ ಅಲ್ಲ," ಎಂದಳು ಮರಾಠಿಯಲ್ಲಿ. "ಮೈಯಲ್ಲಿ ರಕ್ತ ಇಲ್ಲ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು, ಅದು ಊಟದಿಂದ ಬರಬೇಕು. ಬಾರದಿದ್ದರೆ ಉಗುರು ಹೀಗೆ ತಗ್ಗು ಬೀಳುತ್ತವೆ. ಇವಳು ಏನು ಉಣ್ಣುತ್ತಾಳೆ?"

"ನಮ್ಮದ ಖಾನಾವಳಿ ಐತ್ರಿ. ಊಟಕ್ಕೇನು ಕಮ್ಮಿ?" ಎಂದಳು ರಾಚವ್ವ ತನ್ನ ಮುರುಕು ಮರಾಠಿಯಲ್ಲಿ.

"ನಿನ್ನನ್ನಲ್ಲ. ಅವಳೇ ಹೇಳಲಿ."

ನೀಲಾವತಿ ಸೆರಗಿನ ಅಂಚು ಹಿಡಿದುಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಬಂತು. ಮಂದಿ ಉಂಡ ಮೇಲೆ ಅತ್ತೆ, ಗಂಡ, ಮಗಳು. ಅವರಾದ ಮೇಲೆ ತಾನು. ಅಷ್ಟೊತ್ತಿಗೆ ಪಲ್ಲೆ ಇರುವುದಿಲ್ಲ, ಬೇಳೆ ತಳ ಕಂಡಿರುತ್ತದೆ. ರೊಟ್ಟಿ ಇರುತ್ತದೆ, ಖಾರ ಇರುತ್ತದೆ. ಹಸಿವಾದರೆ ಚಹಾ ಕಾಸಿಕೊಳ್ಳುವುದು.

"ಮಣ್ಣು ತಿನ್ನುತ್ತೀಯಾ? ಬೂದಿ, ಹಸಿ ಅಕ್ಕಿ, ಏನಾದರೂ?"

ನೀಲಾವತಿ ನೆಲ ನೋಡಿದಳು.

"ಬಳಪ ತಿಂತೀನ್ರಿ," ಎಂದಳು. "ಪೋರೀದು."

ರಾಚವ್ವನಿಗೆ ಹಿಂದಿನ ಸಂಜೆಯ ಏಟು ನೆನಪಾಯಿತು. ಅಂಗೈ ಸೆರಗಿಗೆ ಒರಸಿಕೊಂಡಳು. ಅಲ್ಲಿ ಒರಸುವಂಥದೇನೂ ಇರಲಿಲ್ಲ.

ಡಾಕ್ಟರಬಾಯಿ ಗುಳಿಗೆ ಕೊಟ್ಟಳು. ರಾಜಗಿರಿ, ಮೆಂತ್ಯೆ, ಬೆಲ್ಲ, ಪುಠಾಣಿ ಎಂದು ಬೆರಳು ಮಡಿಸಿ ಹೇಳಿದಳು. ಪಲ್ಲೆಯನ್ನು ಕಬ್ಬಿಣದ ಬಾಣಲೆಯಲ್ಲೇ ಮಾಡಬೇಕು. ರಾಚವ್ವ ಹೂಂ ಹೂಂ ಅಂದಳು. ಹಳೆಯ ಕಬ್ಬಿಣದ ಬಾಣಲೆ ಭಾರ ಎಂದು ಅದನ್ನು ಗುಜರಿಯವನಿಗೆ ಹಾಕಿ ಅಲ್ಯುಮಿನಿಯಂ ಪಾತೇಲಿ ತಂದು ಎರಡು ವರ್ಷವಾಗಿತ್ತು.

"ಕಬ್ಬಿಣ ಅಂತ?" ಎಂದ ಮುರಿಗೆಪ್ಪ ಮನೆಯಲ್ಲಿ. "ಮಿಲ್ಲಿನ್ಯಾಗ ಬೇಕಾದಷ್ಟು ಬಿದ್ದೈತಿ, ತಂದು ಕುದಿಸಿ ಕೊಡಲೇನು?"

"ತಾ," ಎಂದಳು ರಾಚವ್ವ. "ಅದನ್ನರ ತಾ. ನೀ ಮನೀಗೆ ಏನರ ತಂದದ್ದು ನೋಡೂಣು."

ಗುಳಿಗೆ ನೀಲಾವತಿಗೆ ಹಿಡಿಯಲಿಲ್ಲ. ನುಂಗಿದ ತಾಸಿಗೆ ಹೊಟ್ಟೆ ಉರಿದು ವಾಂತಿ. ಎರಡು ವಾರ ನೋಡಿದರು. ಉಂಡ ಪಲ್ಲೆಯೂ ಗುಳಿಗೆಯ ಜೊತೆ ಹೊರಗೆ ಹೋಗುತ್ತಿತ್ತು. ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರಬಾಯಿ ಎದೆಗೆ ನಳಿಗೆ ಇಟ್ಟು ಕೇಳಿ ಮುಖ ಗಂಟಿಕ್ಕಿದಳು. ರಕ್ತವಿಲ್ಲದೆ ದುಡಿದು ದುಡಿದು ಹೃದಯ ಸೋತಿದೆ ಎಂದಳು. ಇನ್ನು ಸೂಜಿಯೇ ಆಗಬೇಕು. ವಾರಕ್ಕೆರಡು, ಮೂರು ತಿಂಗಳು. ನಡುವೆ ಬಿಟ್ಟರೆ ಮಳೆಗಾಲ ದಾಟುವುದು ಕಷ್ಟ.

"ರೋಗ ಅಲ್ಲಂತ ಒಂದು ಚೀಟಿ ಬರದಕೊಡ್ರಿ," ಎಂದು ರಾಚವ್ವ ಕೈ ಮುಗಿದಳು. "ಮಂದಿ ಬಿಟ್ಟಾರ್ರಿ. ಹೊಟ್ಟಿಪಾಡು."

ಡಾಕ್ಟರಬಾಯಿ ನಿಟ್ಟುಸಿರು ಬಿಟ್ಟು ಕೇಸಿನ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದಳು. ಕೆಳಗೆ ದವಾಖಾನೆಯ ನೀಲಿ ಠಸ್ಸೆ ಬಿತ್ತು. ರಾಚವ್ವ ಅದನ್ನು ಎದೆಗಿಟ್ಟುಕೊಂಡು ಬಂದು, ಹಿಟ್ಟಿನ ಅಂಬಲಿ ಹಚ್ಚಿ, ನೀರಿನ ಹರಿವಿಯ ಮೇಲಿನ ಗೋಡೆಗೆ ಅಂಟಿಸಿದಳು. ಉಣ್ಣಲು ಬಂದವರೆಲ್ಲ ಮೊದಲು ಅಲ್ಲಿ ನೀರು ಕುಡಿಯಬೇಕು.

ಚೀಟಿ ಕೆಲಸ ಮಾಡಿತು. ಓದಲು ಬರುವವರು ಯಾರೂ ಇರಲಿಲ್ಲ. ಆದರೆ ಠಸ್ಸೆ ಎಲ್ಲರಿಗೂ ಕಾಣುತ್ತಿತ್ತು. ಸಂಗಪ್ಪ ಅದರ ಮುಂದೆ ನಿಂತು, "ಸರಕಾರ ಬರದ ಮ್ಯಾಲ ಮುಗೀತು," ಎಂದ. ವಾರದೊಳಗೆ ಶೆಟ್ಟೆಪ್ಪನೊಬ್ಬನನ್ನು ಬಿಟ್ಟು ಉಳಿದ ಹದಿಮೂರು ಜನವೂ ಮತ್ತೆ ಸಾಲಿನಲ್ಲಿ ಕೂತರು. ಆದರೂ ಶೆಟ್ಟೆಪ್ಪ ಬಂದು ಓದಿ ಹೇಳುವವರೆಗೆ ನೀಲಾವತಿ ಹಿಟ್ಟು ಮುಟ್ಟುವುದು ಬೇಡವೆಂದು ಅವರೇ ಮಾತಾಡಿಕೊಂಡಿದ್ದರು. ಪಕ್ಕದ ಖೋಲಿಯ ದಾನವ್ವ ಬಂದು ಬಡಿದುಕೊಟ್ಟಳು. ಪ್ರತಿ ಬುಧವಾರ, ಶನಿವಾರ ಅತ್ತೆ ಸೊಸೆ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬರುವರು. ಬರುವಾಗ ರಾಚವ್ವ ದಾದರಿನ ಮಾರುಕಟ್ಟೆಯವರೆಗೆ ನಡೆದು ಬಾಡಿದ ರಾಜಗಿರಿ ಸೂಡು ತರುವಳು. ಮೂರನೆಯ ಸೂಜಿಯ ಮೇಲೆ ನೀಲಾವತಿ ಎರಡು ಮಾಳಿಗೆಯ ಮೆಟ್ಟಿಲನ್ನು ನಡುವೆ ಕೂಡದೆ ಹತ್ತಿದಳು. ಐದನೆಯದರ ಮೇಲೆ ಉಗುರಿನ ಬುಡದಲ್ಲಿ ಗೋಧಿಕಾಳಿನಗಲದ ಗುಲಾಬಿ ಬಣ್ಣ ಬಂತು. ಮೋಹಿನಿ ಅದನ್ನು ಮೊದಲು ಕಂಡು, "ಆಯೀ, ನಿನ್ನ ನಖ ನವೀನ ಬರತಾವ," ಎಂದಳು. ನೀಲಾವತಿ ನಕ್ಕಳು. ಆ ಮನೆಯಲ್ಲಿ ಅವಳ ಹಲ್ಲು ಕಂಡು ಬಹಳ ದಿನವಾಗಿತ್ತು.

ಶೆಟ್ಟೆಪ್ಪ ಊರಿನಿಂದ ಬಂದದ್ದು ಒಂದು ಗುರುವಾರ. ಸಾಲಿನಲ್ಲಿ ಕೂಡುವ ಮೊದಲು ನೀರು ಕುಡಿಯಲು ಹೋದ. ರಾಚವ್ವನೇ ಕರೆದು ಹೇಳಿದಳು: "ಓದು ತಮ್ಮಾ. ಎಲ್ಲಾರೂ ಕೇಳೂಹಂಗ ಓದು."

ಅವನು ಓದಿದ. ತುಟಿ ಮಾತ್ರ ಅಲುಗಿದವು. ಮತ್ತೊಮ್ಮೆ ಓದಿದ.

"ಕುಷ್ಠ ಅಲ್ಲಂತ ಬರದೈತಿ," ಎಂದ.

"ನಾ ಹೇಳಲಿಲ್ಲಾ?" ಎಂದಳು ರಾಚವ್ವ ಸಾಲಿನ ಕಡೆ ತಿರುಗಿ.

"ರಕ್ತ ಕಮ್ಮಿ ಐತಂತ. ಅದಕ್ಕ ಸೂಜಿ ಬರದಾರ." ಶೆಟ್ಟೆಪ್ಪ ನೀರಿನ ಲೋಟ ಕೆಳಗಿಟ್ಟ. "ಲಿವರಿಂದು."

"ಅಂದ್ರ?"

"ಅಂದ್ರ ಕಲೇಜಿ. ಕಲೇಜಿಯ ಸತ್ವ ತಗದು ಸೂಜಿ ಮಾಡ್ತಾರ."

ಖೋಲಿಯಲ್ಲಿ ಅಗಿಯುವ ಸದ್ದು ನಿಂತಿತು.

"ಯಾವುದರ ಕಲೇಜಿ?" ಎಂದು ಸಂಗಪ್ಪ ಕೇಳಿದ.

"ಅದು ಬರದಿಲ್ಲ."

ಬರೆದಿಲ್ಲ ಎಂಬುದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ಒಬ್ಬೊಬ್ಬರಾಗಿ ಎದ್ದರು. ಬಯ್ಯಲಿಲ್ಲ, ಕೂಗಲಿಲ್ಲ. ಹದಿಮೂರು ತಾಟಿನಲ್ಲಿ ಅರ್ಧರ್ಧ ಊಟ ಉಳಿಯಿತು. ಎರಡು ವಾರ ಅವರು ಆ ಚೀಟಿಯ ಕೆಳಗೆ ನೀರು ಕುಡಿದಿದ್ದರು.

ರಾಚವ್ವ ಪರದೆಯ ಹಿಂದೆ ಬಂದಳು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ," ಎಂದಳು ನೀಲಾವತಿ. "ಎರಡನೇ ಸೂಜೀಗೆ ನರ್ಸಬಾಯಿ ಹೇಳಿದ್ಳು."

"ಗೊತ್ತಿದ್ದೂ ಹಾಕಿಸ್ಕೊಂಡಿ?"

"ಮೆಟ್ಟಲಾ ಹತ್ತಿದ್ರ ದಮ್ಮ ಹತ್ತಲಿಲ್ರಿ, ಅತ್ತಿ."

ರಾಚವ್ವ ಹೊರಗೆ ಹೋದಳು. ಹದಿಮೂರು ತಾಟು ಎತ್ತಿ ತಂದು ಮೋರಿಯಲ್ಲಿಟ್ಟಳು.

ಮುರಿಗೆಪ್ಪ ಮಾತ್ರ ಮರುದಿನ ಗೇಟಿನಿಂದ ಬಂದು ಕೂಗಾಡಿದ. "ನನ್ನ ಹೆಂಡ್ತಿ ಮೈಯಾಗ ಕಲೇಜಿ ಹರಿದಾಡತೈತಿ ಅಂತ ಗೇಟಿನ್ಯಾಗ ಮಂದಿ ನಗತಾರ. ಕೆಲಸ ಹಂಚೂ ಜಾಬರ ಕೇಳತಾನ, ಮನ್ಯಾಗ ಮಟಣ ಯಾವಾಗ, ನಮಗೂ ಹೇಳು ಅಂತ."

"ನಕ್ರ ನಗಲಿ. ನಿನಗ ಕೆಲಸ ಕೊಟ್ನೇನು?"

"ಇಲ್ಲ."

"ಮತ್ತ ನಗಸ್ಕೊಂಡು ಯಾಕ ಬಂದಿ?"

ನಾಲ್ಕು ದಿನ ಒಲೆ ಮನೆಯವರ ಮಟ್ಟಿಗೆ ಮಾತ್ರ ಉರಿಯಿತು. ಶನಿವಾರದ ಸೂಜಿಗೆ ಹೋಗಲಿಲ್ಲ. ಹೋಗುವುದೋ ಬಿಡುವುದೋ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬೆಳಿಗ್ಗೆ ನೀಲಾವತಿ ಸೀರೆ ಉಟ್ಟು ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಪಾತೇಲಿ ತಿಕ್ಕಲು ಕೂತಳು.

ಭಾನುವಾರ ಶೆಟ್ಟೆಪ್ಪ ಬಂದು ಒಳಗೆ ಕೂತ. ಅವನು ಕೆಟ್ಟ ಮನುಷ್ಯನಲ್ಲ. ಬೇರೆ ಕಡೆ ಉಂಡು ಹೊಟ್ಟೆ ಕೆಟ್ಟಿತ್ತು, ಉಳಿದವರದೂ ಅದೇ ಕಥೆ.

"ದಾದರಿನ್ಯಾಗ ಅಯ್ಯನವರು ಬಂದು ಇಳಿದಾರ. ನಾಳೆ ಕರಕೊಂಡ ಬರ್ತೀನಿ. ಪಾದಪೂಜಿ ಮಾಡು, ತೀರ್ಥ ಕೊಡ್ತಾರ. ನೀಲಾವತಿ ಎಲ್ಲಾರ ಮುಂದ ಲಿಂಗಾ ಹಿಡಿದು, ಇನ್ನ ಆ ಸೂಜಿ ಬ್ಯಾಡ ಅಂತ ಒಂದು ಮಾತು ಹೇಳಲಿ. ಅಲ್ಲೀಗೆ ಮುಗೀತು. ಮಂದಿ ನಾಳಿಗೇ ಕೂಡತಾರ."

"ಸೂಜಿ ಬಿಟ್ರ ಅಕಿ ಉಳಿಯೂದಿಲ್ಲ ಅಂದಾಳ ಡಾಕ್ಟರಬಾಯಿ."

"ಡಾಕ್ಟರು ಎಲ್ಲಾರಿಗೂ ಹಂಗ ಅಂತಾರ. ಪಲ್ಲೆ ತಿನ್ನಲಿ. ಹಾಲು ಕುಡೀಲಿ."

"ಹಾಲಿಗೆ ರೊಕ್ಕ ಯಾರು ಕೊಡ್ತಾರ?"

ಶೆಟ್ಟೆಪ್ಪ ಎದ್ದು ನಿಂತ. ಹೋಗುವಾಗ ಗೋಡೆಯ ಮೇಲಿನ ಚೀಟಿಯನ್ನು ತಾನೇ ನಯವಾಗಿ ಬಿಡಿಸಿ ಮಡಚಿ ರಾಚವ್ವನ ಕೈಗೆ ಕೊಟ್ಟ.

ಸೋಮವಾರ ಮಧ್ಯಾಹ್ನ ಹದಿನಾಲ್ಕೂ ಜನ ಬಂದರು. ಅಯ್ಯನವರು ವಯಸ್ಸಾದವರು, ಮೆತ್ತಗಿನ ಮಾತಿನವರು. ಪಾದಪೂಜೆ ಮುಗಿಯಿತು, ತೀರ್ಥ ಕೊಟ್ಟರು. ನೀಲಾವತಿ ತಲೆಯ ಮೇಲೆ ಸೆರಗು ಹೊದ್ದು ನಡುವೆ ಕೂತಿದ್ದಳು. ಮುರಿಗೆಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಪರದೆಯ ಹಿಂದೆ ದಾನವ್ವ ಬಡಿದ ರೊಟ್ಟಿಗಳು ಬುಟ್ಟಿಯಲ್ಲಿ ಬಿಸಿಯಾಗಿದ್ದವು. ಅವುಗಳ ವಾಸನೆ ಖೋಲಿಯ ತುಂಬ ಇತ್ತು.

ಅಯ್ಯನವರು ನೀಲಾವತಿಯ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಔಷಧ ಅಂತ ತಗೊಂಡದ್ದು," ಎಂದರು. "ಇದಕ್ಕ ಹಿರೇರು ಏನ ಹೇಳ್ಯಾರ, ನನಗೂ ಪೂರಾ ಗೊತ್ತಿಲ್ಲ. ಜೀವ ಉಳಿಸೂದಿದ್ರ ಬಿಡು ಅಂತ ನನ್ನ ಬಾಯಿಂದ ಹೆಂಗ ಹೇಳಲಿ? ಮನೀಗೆ ದೊಡ್ಡವರು ನೀವು, ರಾಚವ್ವಾರ. ನೀವ ಹೇಳ್ರಿ. ನೀವ ಹೆಂಗ ಅಂತೀರೋ ಹಂಗ."

ಎಲ್ಲರೂ ರಾಚವ್ವನ ಕಡೆ ತಿರುಗಿದರು. ನೀಲಾವತಿಯೂ ತಲೆಯೆತ್ತಿದಳು. ಇಷ್ಟು ವರ್ಷದಲ್ಲಿ ಸೊಸೆ ಹಾಗೆ ನೇರವಾಗಿ ತನ್ನ ಮುಖ ನೋಡಿದ್ದು ರಾಚವ್ವನಿಗೆ ನೆನಪಿರಲಿಲ್ಲ.

ರಾಚವ್ವ ಎರಡು ಸಾಲು ನೋಡಿದಳು. ಹದಿನಾಲ್ಕು ಜೋಡಿ ಮಂಡಿ, ಹದಿನಾಲ್ಕು ಖಾಲಿ ತಾಟು. ಬಾಗಿಲಲ್ಲಿದ್ದ ಮಗನನ್ನು ನೋಡಿದಳು. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆದರುತ್ತಿದ್ದ. ಕೆಳಗೆ ನಲ್ಲಿಯ ಹತ್ತಿರ ಯಾರೋ ಕೊಡಕ್ಕಾಗಿ ಜಗಳಾಡುತ್ತಿದ್ದರು. ಮಿಲ್ಲಿನ ಭೋಂಗಾ ಕೂಗಿ ನಿಂತಿತು. ಒಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನಾಡಿದರೆ ಈ ಹದಿನಾಲ್ಕು ಜನ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ರಾಚವ್ವ ಸೆರಗು ಸರಿಮಾಡಿಕೊಂಡಳು. ಆಡಲಿಲ್ಲ.

ನೀಲಾವತಿ ಎಷ್ಟು ಹೊತ್ತು ಕಾದಳೋ ಹೇಳುವುದು ಕಷ್ಟ. ಆಮೇಲೆ ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು.

"ಇನ್ನ ಚುಚ್ಚಿಸಿಕೊಳ್ಳೂದಿಲ್ರಿ," ಎಂದಳು.

ಅಯ್ಯನವರು ಕಣ್ಣು ಮುಚ್ಚಿಕೊಂಡರು. ಶೆಟ್ಟೆಪ್ಪ ಉಸಿರು ಬಿಟ್ಟು, "ಬಡಸ್ರಿ," ಎಂದ. ತಾಟು ಸದ್ದು ಮಾಡಿದವು. ಎರಡನೆಯ ರೊಟ್ಟಿ ಮುರಿಯುವಾಗ ಅವನು ದೊಡ್ಡ ಮನಸ್ಸಿನಿಂದ ಹೇಳಿದ: "ನಾಳಿಂದ ನೀಲಾವತೀನ ಬಡೀಲಿ. ದೊಡ್ಡ ರೋಗ ಅಲ್ಲಂತ ನಾನ ಓದೀನಲ್ಲ."

ಅಂದಿನಿಂದ ರಾಚವ್ವ ಪದ್ಧತಿ ಬದಲಿಸಿದಳು. ಮಂದಿ ಬರುವ ಮೊದಲೇ ಸೊಸೆಯ ತಾಟಿಗೆ ಪಲ್ಲೆ ಹಾಕುವಳು, ಬೇಳೆಯ ಗಟ್ಟಿ ಹಾಕುವಳು, ಬೆಲ್ಲ ಇಡುವಳು. ಸಂತೆಯಲ್ಲಿ ಹುಡುಕಿ ಹಳೆಯ ಕಬ್ಬಿಣದ ಬಾಣಲೆಯೊಂದನ್ನು ತಂದಳು. ಎದುರು ಕೂತು, "ಉಣ್ಣು," ಎನ್ನುವಳು. ನೀಲಾವತಿ ಉಣ್ಣುವಳು. ನಾಲ್ಕು ತುತ್ತಿಗೆ ಉಸಿರು ಸಾಲದೆ ಕೈ ನಿಲ್ಲಿಸುವಳು. ವಾರದಲ್ಲಿ ಮೆಟ್ಟಿಲ ಮೇಲೆ ಕೂಡತೊಡಗಿದಳು. ಎರಡನೆಯ ವಾರ ಪಾದ ಊದಿತು. ಉಗುರಿನ ಬುಡದ ಗುಲಾಬಿ ಮಾಸಿತು. ರೊಟ್ಟಿ ಮಾತ್ರ ಮೊದಲಿನ ಹಾಗೆ ತೆಳ್ಳಗೆ, ದುಂಡಗೆ ಬರುತ್ತಿತ್ತು. ಈಗ ಅವಳು ಬೆರಳ ತುದಿಗಳಿಗೆ ಹಳೆಯ ಮಲ್ಲು ಬಟ್ಟೆಯ ಚಿಂದಿ ಸುತ್ತಿಕೊಂಡು ಬಡಿಯುತ್ತಿದ್ದಳು. ಖಾನಾವಳಿಗೆ ಹದಿನೈದನೆಯವನೂ ಬಂದು ಸೇರಿದ.

ಒಂದು ಬುಧವಾರ ಬೆಳಿಗ್ಗೆ, ಮುರಿಗೆಪ್ಪ ಗೇಟಿಗೂ ಮೋಹಿನಿ ಶಾಲೆಗೂ ಹೋದ ಮೇಲೆ, ರಾಚವ್ವ ಟ್ರಂಕಿನಿಂದ ಚೀಟಿ ತೆಗೆದಳು.

"ಏಳು, ಸೀರಿ ಉಟ್ಟಕೊ. ದವಾಖಾನಿಗೆ ಹೋಗೂಣು. ಕಾಯಿಪಲ್ಲೆ ತರಾಕ ಹೋಗಿದ್ವಿ ಅಂತ ಹೇಳಿದ್ರಾತು. ಯಾರಿಗೆ ಗೊತ್ತಾಗತೈತಿ?"

ನೀಲಾವತಿ ಹಿಟ್ಟಿನ ಪರಾತ ಎಳೆದುಕೊಂಡು ಕೂತಿದ್ದಳು.

"ನನಗ ಗೊತ್ತಾಗತೈತಲ್ರಿ."

"ಪಾಪ ನನಗಿರಲಿ. ನಾ ಹೊರ್ತೀನಿ. ನಾ ಕರಕೊಂಡ ಹೋದದ್ದು ಅಂತ ಆ ಶಿವನ ಮುಂದ ನಾ ಹೇಳ್ತೀನಿ."

"ಲಿಂಗಾ ನನ್ನ ಕೈಯಾಗಿತ್ರಿ ಅತ್ತಿ. ನಿಮ್ಮ ಕೈಯಾಗಿರಲಿಲ್ಲ."

"ಹುಚ್ಚೀಹಂಗ ಮಾಡಬ್ಯಾಡ. ಮಗಳದಾಳ ನಿನಗ."

ನೀಲಾವತಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಚವ್ವ ಕೈ ಹಿಡಿದು ಎಳೆದುಕೊಂಡೇ ಹೋಗುತ್ತಿದ್ದಳು.

"ಅವತ್ತ ಅಯ್ಯನವರು ನಿಮ್ಮನ್ನ ಕೇಳಿದ್ರು," ಎಂದಳು.

ರಾಚವ್ವ ಚೀಟಿ ಹಿಡಿದು ನಿಂತಳು. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು ಬಂದು, ಮೇಲಿನ ಮಾಳಿಗೆಗೆ ಹೋಯಿತು. ನೀಲಾವತಿ ಬೆರಳಿಗೆ ಚಿಂದಿ ಸುತ್ತಿಕೊಂಡು, ಗಂಟನ್ನು ಹಲ್ಲಿನಿಂದ ಬಿಗಿದಳು.

"ಮಂದಿ ಬರೂ ಹೊತ್ತಾತು. ಹಿಟ್ಟು ಕೊಡ್ರಿ."

ರಾಚವ್ವ ಚೀಟಿ ಮಡಚಿ ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು, ಹದಿನೈದು ಜನರ ಹಿಟ್ಟು ಅಳೆದು ಕೊಟ್ಟಳು.